ಇನ್ನೂ ಎರಡು ಪೇಪರು

"ಇದು ಬರೀ ಅಂಕಗಳ ಕಥೆ ಅಲ್ಲ," ಎಂದು ಮುಖ್ಯೋಪಾಧ್ಯಾಯಿನಿ ಮೈಕಿನತ್ತ ಬಾಗಿದರು. "ಹೈಸ್ಕೂಲಿನಲ್ಲಿದ್ದಾಗಲೇ ಈ ಹುಡುಗಿ ಕಾಲೇಜು ಮಟ್ಟದ ನಾಲ್ಕು ಪರೀಕ್ಷೆ ಬರೆದಳು. ನಾಲ್ಕರಲ್ಲೂ ಉನ್ನತ ದರ್ಜೆ. ಎರಡು ಮುಗಿಯುವಷ್ಟರಲ್ಲಿ ತಂದೆ ತೀರಿಕೊಂಡರು. 'ಮಗಳಿಗೆ ಹೇಳಬೇಡಿ, ಪರೀಕ್ಷೆ ಮುಗೀಲಿ' ಅಂತ ಹೇಳಿಯೇ ಕಣ್ಮುಚ್ಚಿದರಂತೆ. ಎಂಥ ತಂದೆ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೂರನೇ ಸಾಲಿನಲ್ಲಿ ತಾಯಿ ಮಾತ್ರ ಕೂತೇ ಇದ್ದಳು. ಪದಕ ಹಾಕಿಸಿಕೊಳ್ಳಲು ಕತ್ತು ಬಗ್ಗಿಸಿದ್ದ ಮಗಳು ತಲೆಯೆತ್ತಿ ಅವಳನ್ನೇ ನೋಡಿದಳು.

ಗಂಡ ವೆಲ್ಡರ್. ವರ್ಷಗಟ್ಟಲೆ ವೆಲ್ಡಿಂಗ್ ಹೊಗೆ ಕುಡಿದು ಅವನ ಎದೆ ತೂತುಬಿದ್ದ ತಿದಿಯಂತಾಗಿತ್ತು. ಆಸ್ಪತ್ರೆ ಸೇರಿದಾಗ ಮಗಳು ನಾಲ್ಕು ಗಂಟೆ ದಾರಿಯ ಹಾಸ್ಟೆಲಿನಲ್ಲಿದ್ದಳು. ಒಂದು ಪರೀಕ್ಷೆ ತಪ್ಪಿದರೂ ಮತ್ತೆ ಒಂದು ವರ್ಷ ಕಾಯಬೇಕು. ದಿನಾ ಸಂಜೆ ಅವಳ ಫೋನು ಬರುತ್ತಿತ್ತು.

"ಅಪ್ಪಂಗೆ ಕೊಡಮ್ಮಾ."

"ಈಗಷ್ಟೇ ನಿದ್ದೆ ಹತ್ತಿದೆ ಕಣೇ. ನೀನು ಓದ್ಕೋ ಹೋಗು."

ಅವನನ್ನು ಮಣ್ಣು ಮಾಡಿ ಬಂದ ಸಂಜೆಯೂ ಅದೇ ಮಾತು. ಧ್ವನಿ ಒಂದಿಷ್ಟೂ ನಡುಗಲಿಲ್ಲ. ಅದಕ್ಕೆ ಅವಳಿಗೇ ತನ್ನ ಮೇಲೆ ಹೇಸಿಗೆಯಾಗಿತ್ತು.

ಆರು ದಿನಗಳ ನಂತರ ಕೊನೆಯ ಪರೀಕ್ಷೆ ಮುಗಿಸಿ ಬಂದ ಮಗಳು ಬಾಗಿಲಲ್ಲೇ, "ಅಪ್ಪಾ, ಸುಲಭ ಇತ್ತು!" ಎಂದು ಕೂಗಿದ್ದಳು.

ಅಂದಿನಿಂದ ಅಮ್ಮನ ಜೊತೆ ಹೂಂ, ಉಹೂಂ ಅಷ್ಟೇ. ಪುರಸ್ಕಾರದ ವಿಷಯ ತಿಳಿಸಲು ಬಂದ ಮುಖ್ಯೋಪಾಧ್ಯಾಯಿನಿ, "ಯಾಕೆ ಹೇಳಲಿಲ್ಲ?" ಎಂದು ಕೇಳಿದಾಗ, "ಅವ್ರೇ ಬೇಡ ಅಂದ್ರು" ಎಂಬ ಮಾತು ತಾಯಿಯ ಬಾಯಿಂದ ಜಾರಿತ್ತು.

ಸಮಾರಂಭ ಮುಗಿದ ಮೇಲೆ, ಶಾಲೆಯ ನಲ್ಲಿಗಳ ಹತ್ತಿರ ಮಗಳು ತಾಯಿಯ ಹಿಂದೆಯೇ ಬಂದಳು.

"ಅಮ್ಮಾ, ಅಪ್ಪ ನಿಜವಾಗ್ಲೂ ಹಾಗಂದ್ರಾ? ನಂಗೆ ಯಾಕೆ ಹೇಳ್ಲಿಲ್ಲ? ನಾನು ಸುಮ್ ಸುಮ್ನೆ ನಿನ್ ಮೇಲೆ..."

ಅವಳು ಒಂದು ಹೆಜ್ಜೆ ಮುಂದೆ ಬಂದೇಬಿಟ್ಟಿದ್ದಳು. ತಾಯಿ ಹೂಂ ಅಂದಿದ್ದರೆ ಸಾಕಿತ್ತು.

"ಇಲ್ಲ ಮಗಳೇ," ಎಂದಳು ತಾಯಿ. "ನಿನ್ನ ಕರೆಸು ಅಂದ್ರು."

ಮಗಳು ನಿಂತಲ್ಲೇ ನಿಂತಳು. "ಎಷ್ಟು ಸಲ?"

"ಮಾತು ನಿಲ್ಲೋವರೆಗೂ. ಆಮೇಲೆ ಬಾಗಿಲ ಕಡೆನೇ ನೋಡ್ತಿದ್ರು. ಇನ್ನೂ ಎರಡು ಪೇಪರಿದೆ ಅಂತ ನಾನೇ..."

ಯಾರೋ ಒಬ್ಬ ತಂದೆ ತನ್ನ ಮಗನ ಕೈಹಿಡಿದು ಬಂದು, "ನೋಡು, ಈ ಅಕ್ಕನ ಹಾಗೆ ಓದ್ಬೇಕು," ಎಂದ. ಮಗಳು ಆ ಹುಡುಗನಿಗೆ ನಕ್ಕಳು. ಪದಕ ತೆಗೆದು ಚೀಲದೊಳಗೆ ಹಾಕಿ ಬಸ್ ನಿಲ್ದಾಣದ ಕಡೆ ನಡೆದಳು. ತಾಯಿ ನಾಲ್ಕು ಹೆಜ್ಜೆ ಹಿಂದೆ ನಡೆದಳು.

ಬಸ್ಸಿನಲ್ಲಿ ಇಬ್ಬರು ಕೂರುವ ಒಂದೇ ಸೀಟು ಖಾಲಿಯಿತ್ತು. ಮಗಳು ಕಿಟಕಿಯ ಪಕ್ಕ ಕೂತು, ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಹೊರಗೆ ನೋಡತೊಡಗಿದಳು. ತಾಯಿ ಮೇಲಿನ ಕಂಬಿ ಹಿಡಿದು ನಿಂತಳು. ಬಸ್ಸು ಹೊರಟಿತು.