ಅತ್ತೆಯ ಪುಡಿ

ನಮ್ಮ ಮನೆಯಲ್ಲಿ ಪುಡಿ ಅಂದರೆ ಒಂದೇ ಅರ್ಥ. ಖಾರದ ಪುಡಿ, ಕಾಫಿ ಪುಡಿ, ಸೋಪಿನ ಪುಡಿ ಇವಕ್ಕೆಲ್ಲ ಪೂರ್ತಿ ಹೆಸರು ಹಿಡಿದೇ ಕರೆಯಬೇಕು. ಬರೀ ಪುಡಿ ಅಂದರೆ ಅತ್ತೆ ಮಾಡುತ್ತಿದ್ದ ಸಿಹಿ. ಹೆಚ್ಚಿದ ಸೇಬನ್ನು ತಟ್ಟೆಯಲ್ಲಿ ಹರಡಿ, ಮೈದಾಹಿಟ್ಟು, ಬೆಣ್ಣೆ, ಸಕ್ಕರೆಯನ್ನು ಉಜ್ಜಿ ಉದುರುದುರಾಗಿ ಮಾಡಿ ಅದರ ಮೇಲೆ ಹರಡಿ, ಓವನ್ನಿನಲ್ಲಿ ಕೆಂಪಗಾಗುವ ತನಕ ಬೇಯಿಸಿದ್ದು. ಹೊರಗಿನವರು ಅದನ್ನು ಕ್ರಂಬಲ್ ಅನ್ನುತ್ತಾರೆಂದು ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಹಾಗಂದು ನಾದಿನಿಯ ಬಾಯಿಗೆ ಸಿಕ್ಕಿಬಿದ್ದೆ. "ನಮ್ಮನೇಲಿ ಅದಕ್ಕೆ ಪುಡಿ ಅಂತೀವಿ ಅತ್ತಿಗೆ" ಅಂದಳು, ನಾನು ಸತ್ತವರ ಹೆಸರು ತಪ್ಪಾಗಿ ಹೇಳಿದೆನೇನೋ ಅನ್ನುವಂತೆ. ಅವಳಿಗೆ ನಾನಿಟ್ಟ ಹೆಸರು ಕತ್ತರಿ. ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ ಅನ್ನುವುದು ಅದಕ್ಕೆ ಅರ್ಧ ಕಾರಣ ಮಾತ್ರ.

ಅತ್ತೆ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ ಇಟ್ಟಿದ್ದರು. ಗಿರಾಕಿಗಳು ಒತ್ತಿ ನೋಡಿ ಬಿಟ್ಟುಹೋದ, ಪೆಟ್ಟು ಬಿದ್ದ ಸೇಬುಗಳೆಲ್ಲ ಸಂಜೆ ಚೀಲದಲ್ಲಿ ಮನೆಗೆ ಬರುತ್ತಿದ್ದವು. ಅವೇ ಪುಡಿಯಾಗುತ್ತಿದ್ದವು. ಅಳತೆ ಗಿಳತೆ ಏನೂ ಇಲ್ಲ, ಆದರೆ ಒಂದು ಕಾನೂನು ಮಾತ್ರ ಕಲ್ಲಿನ ಹಾಗೆ. ಕೈಯನ್ನು ತಣ್ಣೀರಲ್ಲಿ ತೊಳೆದು ಒರೆಸಿಕೊಂಡು, ಬೆರಳ ತುದಿಗಳಿಂದ ಮಾತ್ರ ಉಜ್ಜಬೇಕು. ಅಂಗೈ ತಾಗಿತೋ, ಅದರ ಬಿಸಿಗೆ ಬೆಣ್ಣೆ ಕರಗಿ ಹಿಟ್ಟೆಲ್ಲ ಮುದ್ದೆ. ಉಜ್ಜಿ ಮುಗಿದ ಮೇಲೆ "ಎಲ್ಲಿ, ಕೈ ತೋರ್ಸು" ಅನ್ನುತ್ತಿದ್ದರು. ಅಂಗೈ ಒಣಗಿದ್ದರೆ ಸರಿ. ಹಿಟ್ಟು ಅಂಟಿದ್ದರೆ ಅದರ ಮೇಲೆ ಟಪ್ಪನೆ ಒಂದು ಏಟು. ನನ್ನ ಗಂಡ, ನಾದಿನಿ ಇಬ್ಬರೂ ಆ ಏಟು ತಿಂದೇ ಬೆಳೆದವರು. ನಾನೂ ತಿಂದೆ. ಮದುವೆಯಾಗಿ ಬಂದವಳಿಗೆ ರಿಯಾಯಿತಿ ಏನೂ ಇರಲಿಲ್ಲ.

ಅಂಥ ಅತ್ತೆ ಒಂದು ದಿನ ಅಂಗಡಿಯಲ್ಲಿ ಹಣ್ಣು ತೂಗುತ್ತಿರುವಾಗಲೇ ಕುಸಿದುಬಿದ್ದರು. ಮೆದುಳಿಗೆ ರಕ್ತ ಹೋಗುವ ನಾಳದಲ್ಲಿ ಹೆಪ್ಪುಗಟ್ಟಿತ್ತಂತೆ. ಬಲಗೈ, ಬಲಗಾಲು ಬಿದ್ದುಹೋದವು. ಮುಖದ ಬಲಭಾಗ ಜೋತುಬಿತ್ತು. ಮಾತು ಪೂರ್ತಿ ನಿಂತುಹೋಯಿತು. ಮನೆಗೆ ಕಳಿಸುವಾಗ ಡಾಕ್ಟರು ನಮ್ಮ ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದರು.

"ರಕ್ತ ತೆಳು ಮಾಡೋ ಈ ಮಾತ್ರೆ ಒಂದು ಹೊತ್ತೂ ತಪ್ಪಬಾರ್ದು. ತಪ್ಪಿದ್ರೆ ಇನ್ನೊಂದ್ಸಲ ಆಗುತ್ತೆ. ಆಗ ನನ್ನ ಕೇಳ್ಬೇಡಿ."

ಬೆಳಗಿನ ಮಾತ್ರೆ ನನ್ನ ಗಂಡನ ಪಾಲಿಗೆ, ಸಂಜೆಯದು ಕತ್ತರಿಯ ಪಾಲಿಗೆ ಎಂದಾಯಿತು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಎಲ್ಲೋ ಒಂದು ತಿರುಪು ಸಡಿಲ ಬಿಟ್ಟೆನೇನೋ ಎಂದು ಊಟದ ಮಧ್ಯೆ ಎದ್ದುಹೋಗುವ ಆಸಾಮಿ. ಮಾತ್ರೆಯನ್ನು ಅಮ್ಮನ ನಾಲಿಗೆಯ ಮೇಲಿಟ್ಟು, ಚಮಚದಲ್ಲಿ ನೀರು ಹಾಕಿ, ಗಂಟಲು ಮೇಲೆ ಕೆಳಗೆ ಆಡುವುದನ್ನು ಕಣ್ಣಾರೆ ನೋಡಿಯೇ ಎದ್ದೇಳುತ್ತಿದ್ದರು. ನಾದಿನಿಯೂ ಹಾಗೆಯೇ. ಮಾತ್ರೆ ತಪ್ಪಲಿಲ್ಲ. ಯಾರು ಕೇಳಿದರೂ ಎದೆ ತಟ್ಟಿ ಹೇಳಲು ನಾವು ತಯಾರಿದ್ದೆವು.

ಒಂದು ಬೆಳಗ್ಗೆ ನಾನು ಕೆಲಸಕ್ಕೆ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗಿನಿಂದ ಗಂಡ ಕೂಗಿಕೊಂಡರು. ಏನಾಗಿಹೋಯಿತೋ ಎಂದು ಚಪ್ಪಲಿ ಬಿಟ್ಟು ಓಡಿದೆ. ಹೋಗಿ ನೋಡಿದರೆ ಅವರು ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ ಹಿಡಿದು ಅಳುತ್ತಾ ನಿಂತಿದ್ದಾರೆ.

"ಅಮ್ಮ ಮಾತಾಡಿದ್ರು ಕಣೇ! ಪುಡಿ ಅಂದ್ರು!"

ಅತ್ತೆ ನನ್ನ ಕಡೆ ನೋಡಿದರು. ಬಾಯಿಯ ಎಡಭಾಗವನ್ನಷ್ಟೇ ಕಷ್ಟಪಟ್ಟು ಆಡಿಸಿ ಮತ್ತೆ ಅಂದರು. "ಪುಡಿ."

ನನಗೂ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಎಲ್ಲ ಮಾತು ಅಳಿಸಿಹೋದ ತಲೆಯೊಳಗೆ ಉಳಿದ ಒಂದೇ ಒಂದು ಮಾತು ಅದಾಗಿತ್ತಲ್ಲ. ಕತ್ತರಿಗೆ ಫೋನ್ ಹೋಯಿತು. ಅವಳು ಅಂಗಡಿಯಲ್ಲಿ ಯಾರದೋ ಪ್ಯಾಂಟಿನ ಕಾಲು ಅರ್ಧ ಕತ್ತರಿಸಿ ಬಿಟ್ಟು ಓಡಿಬಂದಳು. "ಅಮ್ಮಂಗೆ ಪುಡಿ ತಿನ್ನೋ ಆಸೆ ಆಗಿದೆ" ಎಂದು ಅಣ್ಣ ತಂಗಿ ಇಬ್ಬರೂ ತೀರ್ಮಾನಿಸಿಬಿಟ್ಟರು. ಬೇರೆ ಅರ್ಥ ಇರಬಹುದೆಂದು ಆ ಮನೆಯಲ್ಲಿ ಯಾರಿಗಾದರೂ ಹೇಗೆ ಹೊಳೆಯಬೇಕು?

ಆ ಭಾನುವಾರ ನನ್ನ ಗಂಡ ಪುಡಿ ಮಾಡಿದರು. ಬೇಕೆಂದೇ ಪೆಟ್ಟು ಬಿದ್ದ ಸೇಬು ಹುಡುಕಿ ತಂದರು. ಗ್ರೀಸ್ ಮೆತ್ತಿಕೊಂಡು ಬದುಕುವ ಕೈಯನ್ನು ಉಗುರಿನ ಸಂದಿಯವರೆಗೂ ತಿಕ್ಕಿ ತೊಳೆದರು. ಮನೆಯೆಲ್ಲ ಘಮ್ಮೆಂದಿತು. ಅತ್ತೆಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಚಮಚದಲ್ಲಿ ತಿನ್ನಿಸಿದರೆ, ಅವರು ಬೆಂದ ಹಣ್ಣನ್ನು ನುಂಗಿ, ಮೇಲಿನ ಪುಡಿಯನ್ನು ನಾಲಿಗೆಯಿಂದ ಹೊರಗೆ ತಳ್ಳಿದರು. ಒಂದಿಷ್ಟು ಒಳಗೆ ಹೋಗಿದ್ದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಮಗನನ್ನು ದುರುಗುಟ್ಟಿ ನೋಡಿ "ಪುಡಿ!" ಅಂದರು.

"ಅಂಗೈ ತಾಗ್ಸಿದೀಯ ನೀನು. ಅದಕ್ಕೇ ಗಟ್ಟಿ ಆಗಿದೆ" ಅಂದಳು ಕತ್ತರಿ.

"ತಾಗ್ಸಿಲ್ಲ ಕಣೇ, ನೋಡು ಕೈಯ."

"ಈಗೇನು ತೋರಿಸ್ತೀಯ, ತೊಳ್ಕೊಂಡು ಬಂದು!"

ಮುಂದಿನ ಭಾನುವಾರ ಅವಳ ಸರದಿ. ಬೆಣ್ಣೆ ಜಾಸ್ತಿ ಹಾಕಿದಳು. ಅದೂ ನಡೆಯಲಿಲ್ಲ. ಅದರ ಮುಂದಿನ ವಾರ ಸೇಬಿನ ಬದಲು ಪೇರ್ ಹಣ್ಣು. ಹಣ್ಣು ಒಳಗೆ ಹೋಯಿತು, ಪುಡಿ ಹೊರಗೆ ಬಂತು, ಕೆಮ್ಮು ಬಂತು, ಬೈಗುಳದ ಹಾಗೆ ಅದೇ ಮಾತು ಬಂತು. ಅಣ್ಣ ತಂಗಿ ಇಬ್ಬರೂ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಒಬ್ಬರ ಹಾಳೆ ಒಬ್ಬರು ಇಣುಕಿ ನೋಡುತ್ತಿದ್ದರು. ಅಮ್ಮನಿಗೆ ಯಾರ ಪುಡಿ ಒಪ್ಪಿಗೆಯಾಗುತ್ತದೆ ಅನ್ನುವುದೇ ದೊಡ್ಡ ವಿಷಯವಾಗಿ, ಅಮ್ಮನೇ ಲೆಕ್ಕಕ್ಕಿಲ್ಲದಂತಾದರು. ನನಗೆ ರೇಗಿಹೋಗಿತ್ತು. ಮಾತ್ರೆಯ ಹೊತ್ತಿಗೆ ಅತ್ತೆ ಮುಖ ಪಕ್ಕಕ್ಕೆ ತಿರುಗಿಸಿ "ಪುಡಿ, ಪುಡಿ" ಎಂದು ಹಟ ಮಾಡಿದಾಗಲೂ ಇವರು "ಮಾಡ್ತೀನಮ್ಮಾ, ಮೊದ್ಲು ಮಾತ್ರೆ ನುಂಗು" ಎಂದು ಮಗುವನ್ನು ರಮಿಸುವಂತೆ ರಮಿಸುತ್ತಿದ್ದರು. ಕೊನೆಗೊಂದು ಸಲ ಅತ್ತೆ ಎಡಗೈಯಿಂದ ತಟ್ಟೆಯನ್ನೇ ಬೀಸಿ ಒಗೆದರು. ಗೋಡೆಗೆಲ್ಲ ಸೇಬು. ಒರೆಸಿದವಳು ನಾನು.

"ಸಾಕು ನಿಮ್ಮಿಬ್ಬರ ಪಾಕಶಾಸ್ತ್ರ" ಅಂದೆ. "ಅವರ ಪುಡಿ ಅವರೇ ಮಾಡ್ಲಿ. ಒಂದು ಕೈ ಇದೆಯಲ್ಲ."

ಗಂಡ ಮೊದಲು ಬೇಡವೆಂದರು. ಆಮೇಲೆ ಅವರಿಗೇ ಹುಮ್ಮಸ್ಸು ಬಂತು. ಆ ಭಾನುವಾರ ತಿಂಡಿ, ಮಾತ್ರೆ ಎಲ್ಲ ಮುಗಿದ ಮೇಲೆ ಅತ್ತೆಯನ್ನು ಎತ್ತಿ ತಂದು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಬೀಳದಂತೆ ಸೊಂಟಕ್ಕೆ ಸೀರೆ ಸುತ್ತಿ ಕುರ್ಚಿಗೆ ಕಟ್ಟಿದೆವು. ಕತ್ತರಿ ಅಗಲ ಬಟ್ಟಲಲ್ಲಿ ಹಿಟ್ಟು, ಸಕ್ಕರೆ, ಫ್ರಿಜ್ಜಿನಿಂದ ತೆಗೆದ ಬೆಣ್ಣೆಯ ಚೂರುಗಳನ್ನು ಹಾಕಿ ಮುಂದಿಟ್ಟಳು. ನಾನು ಅವರ ಎಡಗೈಯನ್ನು ತಣ್ಣೀರಲ್ಲಿ ಅದ್ದಿ ಒರೆಸಿದೆ.

ಅತ್ತೆ ಬಟ್ಟಲನ್ನು ಸುಮಾರು ಹೊತ್ತು ನೋಡುತ್ತಾ ಕೂತರು. ಆಮೇಲೆ ಬೆರಳು ಇಳಿಸಿದರು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಅಷ್ಟೇ. ಬೆಣ್ಣೆಯ ಚೂರನ್ನು ಹಿಟ್ಟಿನೊಳಗೆ ಹಿಡಿದು ಮೆಲ್ಲಗೆ ಉಜ್ಜಿ, ಎತ್ತಿ, ಉದುರಿಸಿದರು. ಮರಳು ಉದುರಿದಂತೆ ಉದುರಿತು. ಎಂದೂ ಅಭ್ಯಾಸವಿಲ್ಲದ ಎಡಗೈ ಅದು. ಗಂಡ ನನ್ನ ಭುಜ ಹಿಡಿದುಕೊಂಡರು. ಕತ್ತರಿ ಬಟ್ಟಲು ಜಾರದಂತೆ ಅದರ ಅಂಚು ಹಿಡಿದಳು.

ಅತ್ತೆ ಕೈ ನಿಲ್ಲಿಸಿದರು. ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಹಿಟ್ಟು ಮೆತ್ತಿದ ಅದೇ ಬೆರಳುಗಳನ್ನು ಬಾಯೊಳಗೆ ಹಾಕಿ, ಜೋತುಬಿದ್ದ ಬಲಗೆನ್ನೆಯ ಒಳಗಡೆ ತಡಕಾಡಿ, ಏನನ್ನೋ ಹೊರಗೆ ತೆಗೆದು ಬಟ್ಟಲಿಗೆ ಹಾಕಿದರು.

ಮಾತ್ರೆ. ಬೆಳಗ್ಗೆ ನನ್ನ ಗಂಡ ಕೊಟ್ಟಿದ್ದ ಮಾತ್ರೆ. ನೆನೆದು ಅಂಚು ಕರಗಿತ್ತು, ಉಳಿದದ್ದು ಹಾಗೇ ಇತ್ತು.

ಅದನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಬೆಣ್ಣೆಯನ್ನು ಉಜ್ಜಿದಂತೆಯೇ ಉಜ್ಜಿದರು. ಪುಡಿಯಾಗಿ ಹಿಟ್ಟಿನ ಮೇಲೆ ಉದುರಿತು. ಮಗನ ಕಡೆ ತಿರುಗಿ, ಈ ಸಲ ಸಿಟ್ಟಿಲ್ಲದೆ, ದಡ್ಡ ಹುಡುಗನಿಗೆ ಕೊನೆಯ ಬಾರಿ ಹೇಳಿಕೊಡುವ ಹಾಗೆ ಅಂದರು.

"ಪುಡಿ."

ಅತ್ತೆಯ ಗಂಟಲಿನಲ್ಲಿ ಗಟ್ಟಿಯಾದದ್ದು ಇಳಿಯುತ್ತಿರಲಿಲ್ಲ. ನೀರು ಒಳಗೆ ಹೋಗುತ್ತಿತ್ತು, ಗಂಟಲು ಆಡುತ್ತಿತ್ತು, ಮಾತ್ರೆ ಮಾತ್ರ ಸ್ಪರ್ಶವಿಲ್ಲದ ಆ ಕೆನ್ನೆಗೆ ಜಾರಿ ಕೂರುತ್ತಿತ್ತು. ನಾವು ಎದ್ದುಹೋದ ಮೇಲೆ ಅವರು ಬೆರಳು ಹಾಕಿ ತೆಗೆದುಬಿಡುತ್ತಿದ್ದರು. ಇನ್ನೇನು ಮಾಡಿಯಾರು? ಉಸಿರು ಕಟ್ಟುವ ಭಯ ಯಾರಿಗಿಲ್ಲ? ಪುಡಿ ಮಾಡಿ ಕೊಡಿ ಎಂದು ಉಳಿದ ಒಂದೇ ಮಾತಿನಲ್ಲಿ ದಿನಾ ಬೇಡಿಕೊಂಡರು. ನಾವು ಸೇಬು ಹೆಚ್ಚಿದೆವು.

ಗಂಡ ಹಾಸಿಗೆ ಎತ್ತಿ ಹುಡುಕಿದರು. ಗೋಡೆಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ, ದಿಂಬಿನ ಚೀಲದಲ್ಲಿ, ಅವರ ಕೈಗೆಟುಕುವ ಕಿಟಕಿಯ ಹೂಕುಂಡದ ಮಣ್ಣಿನಲ್ಲಿ ಮಾತ್ರೆಗಳಿದ್ದವು. ಕೆಲವು ಬಿಳಿಯಾಗಿ, ಕೆಲವು ಧೂಳು ಮೆತ್ತಿಕೊಂಡು ಬೂದು ಬಣ್ಣಕ್ಕೆ ತಿರುಗಿ. ಅವರು ಮಂಡಿಯೂರಿ ಕೂತು ಎಣಿಸಲು ಶುರುಮಾಡಿದರು. ಅವರ ಕೈಯಿಂದ ಕಿತ್ತುಕೊಂಡು ಎಲ್ಲ ಕಸದ ಬುಟ್ಟಿಗೆ ಹಾಕಿದೆ. ಎಣಿಸಿ ಯಾವ ಸುಖ?

ಡಾಕ್ಟರಿಗೆ ಫೋನ್ ಮಾಡಿದವಳು ನಾನೇ. ಅವರು ಎಲ್ಲ ಕೇಳಿಸಿಕೊಂಡು, "ಅಯ್ಯೋ, ಈ ಮಾತ್ರೇನ ಪುಡಿ ಮಾಡಿ ಮೆತ್ತಗಿರೋದ್ರಲ್ಲಿ ಕಲಸಿ ಕೊಡಬಹುದಿತ್ತಲ್ಲಮ್ಮಾ. ಯಾರೂ ಹೇಳ್ಲಿಲ್ವಾ ನಿಮಗೆ?" ಅಂದರು.

"ಹೇಳಿದ್ರು ಸರ್" ಅಂದೆ. "ದಿನಾ ಹೇಳ್ತಾ ಇದ್ರು."

ನಾನು ಕೆಲಸ ಮಾಡುವುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಕಂಡವರ ಬಾಯಿಗೆಲ್ಲ ದೀಪ ಹಿಡಿದು "ದೊಡ್ಡದಾಗಿ ತೆರೀರಿ" ಅನ್ನುವುದೇ ನನ್ನ ಕೆಲಸ. ಮನೆಯಲ್ಲಿದ್ದ ಆ ಒಂದು ಬಾಯಿಯೊಳಗೆ ನೋಡಬೇಕೆಂದು ನನಗೆ ತೋಚಲಿಲ್ಲ. ಇದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅಂದಿನಿಂದ ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ, ಬೇಯಿಸಿ ಮಸೆದ ಸೇಬಿನಲ್ಲಿ ಕಲಸಿ ಕೊಡತೊಡಗಿದೆವು. ಮೊದಲ ದಿನ ಬಟ್ಟಲು ಖಾಲಿಯಾದಾಗ ಅತ್ತೆ ಎಡಗೈ ಎತ್ತಿ ಮಗನ ಕೆನ್ನೆ ತಟ್ಟಿದರು. ಮಗ ಅವರ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತರು. ಅದಾದ ಮೇಲಿನ ಕೆಲವು ದಿನ ನಮ್ಮ ಮನೆ ಎಷ್ಟೋ ಹಗುರವಾಗಿತ್ತು. ಬೆಳಗ್ಗೆ ಬಟ್ಟಲು ಕಂಡೊಡನೆ ಅತ್ತೆ "ಪುಡಿ?" ಅನ್ನುತ್ತಿದ್ದರು. "ಪುಡೀನೇ, ನೋಡು" ಎಂದು ಇವರು ಚಮಚ ಅಲ್ಲಾಡಿಸಿ ತೋರಿಸುತ್ತಿದ್ದರು. ಅತ್ತೆ ನಗುತ್ತಿದ್ದರು. ಅರ್ಧ ಮುಖದ ನಗು, ಆದರೂ ನಗು.

ಅಷ್ಟರಲ್ಲಿ ಆಗುವುದು ಆಗಿಯೇಹೋಯಿತು. ಒಂದು ಬೆಳಗ್ಗೆ ಚಮಚ ಬಾಯಿಯ ಹತ್ತಿರ ಹೋಗುವಾಗಲೇ ಅವರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಮತ್ತೆ ಆಂಬುಲೆನ್ಸ್, ಮತ್ತೆ ಅದೇ ಉದ್ದನೆಯ ಬೆಂಚು. ಮಾತ್ರೆ ಹೊಟ್ಟೆಗೆ ಹೋಗದ ದಿನಗಳಲ್ಲೇ ಹೆಪ್ಪುಗಟ್ಟಿತ್ತೋ ಏನೋ, ಹೇಳಲಾಗುವುದಿಲ್ಲ ಅಂದರು ಡಾಕ್ಟರು. ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜೀವ ಉಳಿಯಿತು. ಅತ್ತೆಯನ್ನು ಮನೆಗೆ ಕರೆದುಕೊಂಡು ಬಂದೆವು. ಎಡಗೈ ಒಂದಿಷ್ಟು ಆಡುತ್ತದೆ, ಬಟ್ಟಲು ಹಿಡಿಯುವಷ್ಟಲ್ಲ. ಆ ಒಂದು ಮಾತೂ ಹೋಯಿತು.

ನಿನ್ನೆ ಭಾನುವಾರ. ಗಂಡ ಯಾರಿಗೂ ಹೇಳದೆ ಸೇಬು ಹೆಚ್ಚಿ, ಓವನ್ ಬಿಸಿಗಿಟ್ಟು, ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೆರಳ ತುದಿಯಲ್ಲಿ, ಅವಸರವಿಲ್ಲದೆ ಉಜ್ಜುತ್ತಿದ್ದರು. ಇಷ್ಟು ಚೆನ್ನಾಗಿ ಅವರ ಕೈಯಲ್ಲಿ ಎಂದೂ ಬಂದಿರಲಿಲ್ಲ. ಕತ್ತರಿ ಬಂದು ಬಟ್ಟಲಲ್ಲಿ ಬೆರಳಾಡಿಸಿ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವರು ಕೈ ತೊಳೆಯದೆ ಹಾಗೇ ಅಮ್ಮನ ಮಂಚದ ಹತ್ತಿರ ಹೋಗಿ, ಅಂಗೈ ಚಾಚಿ ನಿಂತರು.

"ಅಮ್ಮಾ, ಕೈ ನೋಡು. ಒಂಚೂರೂ ತಾಗಿಲ್ಲ."

ಅತ್ತೆ ಆ ಕೈಯನ್ನು ನೋಡಿದರು. ಆಮೇಲೆ ಅದರ ಹಿಂದಿನ ಗೋಡೆಯನ್ನು ನೋಡಿದರು. ಎರಡನ್ನೂ ಒಂದೇ ಥರ ನೋಡಿದರು. ಇವರು ಕೈ ಇಳಿಸಲಿಲ್ಲ. ಒಂದು ಏಟು ಬೀಳಲಿ ಎಂದು ಕಾಯುವ ಹುಡುಗನ ಹಾಗೆ ನಿಂತೇ ಇದ್ದರು. ನನಗೆ ನೋಡಲಾಗಲಿಲ್ಲ. ಮಾತ್ರೆ ಕಲಸಿದ ಸೇಬಿನ ಬಟ್ಟಲು ತಂದು ಪಕ್ಕದಲ್ಲಿ ಕೂತೆ.

ಈಗ ತಿನ್ನಿಸುವ ಮೊದಲೊಂದು ಸಲ, ತಿನ್ನಿಸಿದ ಮೇಲೊಂದು ಸಲ ಕ್ಲಿನಿಕ್ಕಿನ ಸಣ್ಣ ದೀಪ ಹಿಡಿದು ನೋಡುತ್ತೇನೆ. ತಪ್ಪಿಸುವುದಿಲ್ಲ. ಬಟ್ಟಲು ಖಾಲಿಯಾದ ಮೇಲೆ ಗಲ್ಲ ಹಿಡಿದು, "ದೊಡ್ಡದಾಗಿ ತೆರೀರಿ ಅತ್ತೆ" ಅಂದೆ. ತೆರೆದರು. ಎರಡೂ ಕೆನ್ನೆಗಳ ಒಳಗೆ, ನಾಲಿಗೆಯ ಕೆಳಗೆ ಬೆಳಕು ಬಿಟ್ಟು ನೋಡಿದೆ. ಮಾತ್ರೆಯೂ ಇರಲಿಲ್ಲ, ಮಾತೂ ಇರಲಿಲ್ಲ.