ಹಸಿರು ಪರದೆಯ ಗುರುವಾರ

ಕಬ್ಬಿನಹಾಳದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಕೊಡುವ ವೇದವ್ಯಾಸ ಬಹಳ ಅಚ್ಚುಕಟ್ಟಿನ ಮನುಷ್ಯ. ಜಮಖಂಡಿಯಿಂದ ಏಳೂವರೆಯ ಬಸ್ಸಿಗೆ ಬಂದಿಳಿದು, ಕಪಾಟಿನ ಡಬ್ಬಿಗಳ ಮುಖ ಒಂದೇ ದಿಕ್ಕಿಗಿವೆಯೇ ಎಂದು ನೋಡಿದ ಮೇಲೆಯೇ ರೋಗಿಗಳ ಮುಖ ನೋಡುತ್ತಿದ್ದ. ತೋರುಬೆರಳನ್ನು ನಾಲಿಗೆಗೆ ತಾಗಿಸಿ ರಜಿಸ್ಟರಿನ ಹಾಳೆ ತಿರುವುವುದೊಂದೇ ಆತನ ಕೆಟ್ಟ ಚಟ. ಹೆಂಡತಿ ಕೇತಕಿ ಹನ್ನೆರಡು ವರ್ಷ ಬೈದರೂ ಅದು ಹೋಗಿರಲಿಲ್ಲ.

ಆ ವರ್ಷ ಕಬ್ಬು ಕಡಿಯುವ ಹಂಗಾಮು ಶುರುವಾಗುವ ಹೊತ್ತಿಗೆ ಬಾಗಲಕೋಟೆಯಿಂದ ಒಂದು ಪತ್ರ ಬಂತು. ಎಚ್‌ಐವಿ ಇದ್ದವರು ತಿಂಗಳ ಮಾತ್ರೆಗಾಗಿ ಇನ್ನು ಜಿಲ್ಲಾ ಕೇಂದ್ರದತನಕ ಅಲೆಯಬೇಕಿಲ್ಲ, ಊರ ದವಾಖಾನೆಯಲ್ಲೇ ಕೊಡಬೇಕು. ಸುತ್ತಲಿನ ಹಳ್ಳಿಗಳ ಹನ್ನೊಂದು ಜನ ಕಬ್ಬಿನಹಾಳದ ಪಾಲಿಗೆ. ಅವರ ಗುಟ್ಟು ಕಾಯಬೇಕು. ಮೂರು ತಿಂಗಳಲ್ಲಿ ಅರ್ಧದಷ್ಟು ಜನವಾದರೂ ಬಾರದಿದ್ದರೆ ಮಾತ್ರೆಗಳನ್ನು ಹಿಂದಕ್ಕೆ ಕಳಿಸಬೇಕು.

‘ಗುಟ್ಟು’ ಎಂಬ ಮಾತಿನ ಕೆಳಗೆ ಕೆಂಪು ಗೆರೆ ಎಳೆದು ವೇದವ್ಯಾಸ ಕೆಲಸಕ್ಕಿಳಿದ. ಅವರಿಗೆಂದೇ ಗುರುವಾರವನ್ನು ಗೊತ್ತುಮಾಡಿದ. ಉಗ್ರಾಣದ ಮೂಲೆಗೆ ಹೆರಿಗೆ ಕೋಣೆಯ ಹಸಿರು ಬಟ್ಟೆಯ ಪರದೆ ಕಟ್ಟಿದ. ಹೊರಗೆ ಬೇರೆ ಬೆಂಚು ಹಾಕಿಸಿದ. ಕೊನೆಗೆ ಒಂದು ಬೋರ್ಡಿನ ಮೇಲೆ ‘ಗೌಪ್ಯ ವಿಭಾಗ’ ಎಂದು ಕೆಂಪು ಬಣ್ಣದಲ್ಲಿ ಬರೆದು, ಬಂದವರಿಗೆ ದಾರಿ ತಪ್ಪದಿರಲೆಂದು ಕೆಳಗೊಂದು ಬಾಣದ ಗುರುತನ್ನೂ ಹಾಕಿದ.

ನರ್ಸ್ ಕಾಶೀಬಾಯಿ ಆ ಬೋರ್ಡನ್ನು ಎರಡು ಸಲ ಓದಿದಳು. “ವ್ಯಾಸರಾಯರ, ಬಾಣಾನೂ ತೆಗದೀರಿ. ಒಂದು ಗಂಟಿ ಕಟ್ಟಿಬಿಟ್ರ ಆತಲ್ರಿ.”

ಮೊದಲ ಗುರುವಾರ ಬಂದವಳು ಶಂಕ್ರೆವ್ವ ಒಬ್ಬಳೇ. ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಕಬ್ಬು ಕಡಿಯುವ ಗುಂಪಿನಲ್ಲಿ ಕೂಲಿಗೆ ಹೋಗುತ್ತಿದ್ದಳು. ಹಿಂದಿನ ತಿಂಗಳು ಉಳಿದ ಮಾತ್ರೆಗಳನ್ನು ಎಣಿಸಿ ಬರೆದುಕೊಳ್ಳುವುದು ನಿಯಮ. ವೇದವ್ಯಾಸ ಅವನ್ನು ಕಾಗದದ ಮೇಲೆ ಸುರಿಸಿಕೊಂಡು, ಪೆನ್ಸಿಲಿನ ತುದಿಯಿಂದ ಒಂದೊಂದಾಗಿ ಸರಿಸಿ ಎಣಿಸಿದ. ಆಮೇಲೆ ಮೂಲೆಯ ಬಟ್ಟಲಿನಲ್ಲಿ ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದ. ಹಾಳೆ ತಿರುವುವಾಗ ಬೆರಳು ನಾಲಿಗೆಯ ಹತ್ತಿರವೂ ಸುಳಿಯಲಿಲ್ಲ. ಮುಟ್ಟಿದರೆ ಈ ಸೋಂಕು ಬರದೆಂಬುದು ಕಾಲೇಜಿನಲ್ಲಿ ಓದಿದ ತಲೆಗೆ ಗೊತ್ತಿತ್ತು; ಕೈಗೆ ಇನ್ನೂ ಗೊತ್ತಾಗಿರಲಿಲ್ಲ. ಶಂಕ್ರೆವ್ವ ಎಲ್ಲವನ್ನೂ ನೋಡಿ, ಮಾತ್ರೆಯ ಬಾಟಲಿಯನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಎರಡನೆಯ ತಿಂಗಳು ಅವಳೂ ಬರಲಿಲ್ಲ. ಕಾಶೀಬಾಯಿ ಅವಳ ಮನೆಗೆ ಹೋಗಿ ವಿಚಾರಿಸಿ ಬಂದಳು. ಶಂಕ್ರೆವ್ವ ಪರದೆಯಿಂದ ಹೊರಬಂದದ್ದನ್ನು ನೋಡಿದ ಹೆಂಗಸರು ಅದೇನು ಬೇನೆಯೆಂದು ವಾರವಿಡೀ ಕೇಳಿದ್ದರಂತೆ. ಆದ್ದರಿಂದ ಈ ಸಲ ಮತ್ತೆ ಬಾಗಲಕೋಟೆಗೇ ಹೋಗಿದ್ದಳು. ಇನ್ನೊಂದು ದಿನ ತಪ್ಪಿಸಿದರೆ ಕೆಲಸಕ್ಕೆ ಬರುವುದೇ ಬೇಡವೆಂದು ಗುಂಪಿನ ಮುಕಾದಮ ಹೇಳಿಬಿಟ್ಟಿದ್ದ.

“ಮುಂದಿನ ತಿಂಗಳಿಂದ ಗುಳಿಗಿನ ಬಿಡ್ತೀನಿ ಅಂತಾಳ್ರಿ,” ಎಂದಳು ಕಾಶೀಬಾಯಿ.

ವೇದವ್ಯಾಸನ ಮುಖ ಇಳಿಯಿತು. ಮಾತ್ರೆ ಬಿಟ್ಟರೆ ಏನಾಗುತ್ತದೆಂಬುದು ಆತನಿಗಿಂತ ಚೆನ್ನಾಗಿ ಆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. “ಎಲ್ಲಾರ ನಡುವ ಕೊಟ್ಟು ಯಾರಾದ್ರೂ ಬಾಟ್ಲಿ ನೋಡಿದ್ರ? ಆಕಿ ಮಾನ ಹೋಗ್ತದ. ಗುಟ್ಟು ಕಾಯಲಿಕ್ಕೆ ನಾ ಇನ್ನೇನು ಮಾಡಬೇಕ್ರಿ?”

“ಕಾಯೂದು ಸ್ವಲ್ಪ ಕಮ್ಮಿ ಮಾಡ್ರಿ. ಊರಿಗೆಲ್ಲಾ ಒಂದು ಬಾಗಲಾ, ಆಕಿಗೊಂದು ಬಾಗಲಾ ಅಂದ್ರ ಮತ್ತ ಡಂಗುರ ಯಾಕ ಬೇಕ್ರಿ?” ಕಾಶೀಬಾಯಿ ಆತನ ಕಿಸೆಯ ಕಡೆ ನೋಡಿದಳು. “ಪೆನ್ಸಿಲ್ ವಿಷಯಾನೂ ಹೇಳಿದ್ಲು.”

ವೇದವ್ಯಾಸ ಕಿಸೆಯಲ್ಲಿದ್ದ ಪೆನ್ಸಿಲನ್ನು ಮುಟ್ಟಿ ನೋಡಿಕೊಂಡ.

ಆತನ ಪ್ರಶ್ನೆಗೆ ಉತ್ತರ ತಂದವನು ಅಮಸಿದ್ದಪ್ಪ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯಿಂದ ನಿವೃತ್ತನಾಗಿ ಬಂದ ಮೇಲೆ ಹಾಲಿನ ಸಂಘದಿಂದ ಹಿಡಿದು ಊರಿನ ಎಲ್ಲ ಸಂಘಗಳಿಗೂ ಆತನೇ ಅಧ್ಯಕ್ಷ. ಮೂರನೆಯ ತಿಂಗಳ ಒಂದು ಗುರುವಾರ ಬಿಪಿ ಮಾತ್ರೆಗೆ ಬಂದವನು, ಬೋರ್ಡು ನೋಡಿ ಅಲ್ಲೇ ನಿಂತ. ಬಹಳ ದಿನಗಳಿಂದ ಆತ ಆ ಪರದೆಯ ಬಗ್ಗೆ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದ್ದ.

“ಸರಕಾರ ಛಲೋ ಔಷಧ ಕಳಿಸ್ತದ, ನೀವು ಪರದಿ ಹಿಂದ ಇಟ್ಟು ಬೇಕಾದವರಿಗೆ ಕೊಡತೀರಿ. ನಮಗ ಈ ಕಡೆ ಸುಣ್ಣದ ಉಂಡಿ. ಹೌದಲ್ರಿ?”

ಹಾಗೇನಿಲ್ಲವೆಂದು ವೇದವ್ಯಾಸ ಹೇಳಿದ. ಹಾಗಾದರೆ ಒಳಗೇನಿದೆ ಎಂದು ಅಮಸಿದ್ದಪ್ಪ ಕೇಳಿದ. ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಜ ಹೇಳುವ ಹಾಗಿಲ್ಲ, ವೇದವ್ಯಾಸ ಬೆವರಿದ. ಜಿಲ್ಲಾ ಪಂಚಾಯತಿಗೆ ಅರ್ಜಿ ಹಾಕುತ್ತೇನೆಂದು ಅಮಸಿದ್ದಪ್ಪ ಪೆನ್ನು ತೆಗೆದ. ಬೇರೆ ದಾರಿ ಕಾಣದೆ ವೇದವ್ಯಾಸ ಆತನನ್ನು ಪರದೆಯೊಳಗೆ ಕರೆದು, ಅದೇ ಬಿಪಿ ಮಾತ್ರೆಯನ್ನು ಒಂದು ಕಂದು ಲಕೋಟೆಯಲ್ಲಿ ಹಾಕಿ ಕೊಟ್ಟ.

“ಇವು ಅದ ಬಿಪಿ ಗುಳಿಗಿನ ರೀ, ಯಜಮಾನ್ರ.”

“ಆತ್ರಿ, ಆತು. ಯಾರ ಮುಂದನೂ ಹೇಳಂಗಿಲ್ಲ,” ಎಂದು ಅಮಸಿದ್ದಪ್ಪ ಕಣ್ಣು ಮಿಟುಕಿಸಿದ.

ಸಂಜೆಯೊಳಗೆ ಚಹಾದಂಗಡಿಯಲ್ಲಿ ಎಲ್ಲರ ಮುಂದೂ ಹೇಳಿ ಮುಗಿಸಿದ್ದ. ತಲೆ ಹೂವಿನಂತೆ ಹಗುರಾಗಿದೆಯಂತೆ, ಪರದೆಯ ಗುಳಿಗಿಯ ಗುಣವೇ ಬೇರೆಯಂತೆ.

ಮುಂದಿನ ಗುರುವಾರ ವೇದವ್ಯಾಸ ಬಸ್ಸಿಳಿದಾಗ ಬಾಣದ ಗುರುತಿನಿಂದ ಬೇವಿನ ಮರದವರೆಗೆ ಸಾಲು ನಿಂತಿತ್ತು. ಬಿಪಿಯವರು, ಸಕ್ಕರೆಯವರು, ಮಂಡಿನೋವಿನವರು. ಜಕ್ಕಪ್ಪನೆಂಬವನು ತನ್ನ ಎಮ್ಮೆಗೂ ಏನಾದರೂ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದ. ವೇದವ್ಯಾಸ ಬೈದು ಕಳಿಸಲು ಬಾಯಿ ತೆರೆದ. ಅಷ್ಟರಲ್ಲಿ ಸಾಲಿನ ನಡುವೆ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡ ಶಂಕ್ರೆವ್ವ ಕಂಡಳು. ಅವಳ ಹಿಂದೆ ಮುಂದೆ, ಹನ್ನೊಂದು ಜನರ ಪಟ್ಟಿಯಲ್ಲಿದ್ದ ಇನ್ನೂ ಆರು ಜನರನ್ನು ಕಾಶೀಬಾಯಿ ಕಣ್ಣಲ್ಲೇ ತೋರಿಸಿದಳು. ಮನೆಮನೆಗೆ ಹೋಗಿ ಬರಹೇಳಿದ್ದವಳು ಅವಳೇ. ವೇದವ್ಯಾಸ ತೆರೆದ ಬಾಯಿ ಮುಚ್ಚಿ, ಕಂದು ಲಕೋಟೆಗಳ ಕಟ್ಟು ಬಿಚ್ಚಿದ. ಬಾಟಲಿಯಾಗಲಿ, ಬಿಪಿಯಾಗಲಿ, ಎಲ್ಲರಿಗೂ ಅದೇ ಲಕೋಟೆ.

ಹೊರಗೆ ಅಮಸಿದ್ದಪ್ಪ ಸಾಲು ನೆಟ್ಟಗೆ ಮಾಡುತ್ತಿದ್ದ. “ಏನ್ ಬೇ ಶಂಕ್ರೆವ್ವಾ, ನಿನಗೂ ಬಿಪಿ ಬಂತೇನು?”

“ಮುಕಾದಮನ ಕೈಯಾಗ ದುಡದ್ರ ಬರದ ಏನಾಗ್ತದರಿ,” ಎಂದಳು ಶಂಕ್ರೆವ್ವ. ಸಾಲು ನಕ್ಕಿತು. “ಮೊದಲ ಈಕಿನ್ನ ಬಿಡ್ರಿ, ಕೆಲಸಕ್ಕ ಹೊತ್ತಾಗ್ತದ,” ಎಂದು ಅಮಸಿದ್ದಪ್ಪನೇ ದಾರಿ ಮಾಡಿಕೊಟ್ಟ.

ಪರದೆಯ ಹಿಂದೆ ಅವಳು ಬಾಟಲಿಯ ಮುಚ್ಚಳ ತೆರೆದು, ಕಾಗದಕ್ಕಾಗಿ ಕಾದಳು. ಹೊರಗಿನ ಗದ್ದಲದಲ್ಲಿ ವೇದವ್ಯಾಸ ಅಂಗೈ ಚಾಚಿದ. ಮಾತ್ರೆಗಳು ಅಂಗೈಗೆ ಬಿದ್ದವು. ಬೆರಳಿನಿಂದ ಸರಿಸಿ ಎಣಿಸಿದ: ನಾಲ್ಕು. ಬರೆದುಕೊಳ್ಳಬೇಕಲ್ಲ, ಅದೇ ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ತಿರುವಿದ.

ಶಂಕ್ರೆವ್ವ ಆತನ ಬೆರಳನ್ನೇ ನೋಡುತ್ತಿದ್ದಳು. ಕಾಶೀಬಾಯಿ ಕೂಡ. ಆಗ ವೇದವ್ಯಾಸನಿಗೂ ಅರಿವಾಯಿತು. ಬೆರಳು ಗಾಳಿಯಲ್ಲೇ ನಿಂತಿತು. ಮೂಲೆಯ ಬಟ್ಟಲಿನ ಪಕ್ಕ ಸಾಬೂನು ಒಣಗಿ ಕೂತಿತ್ತು.

“ಸಾವಕಾಶ ತಿರುವ್ರಿ ರಾಯರ,” ಎಂದಳು ಶಂಕ್ರೆವ್ವ, “ಹಾಳಿ ಹರಿದೀತು.”

“ನಮ್ಮ ಮನ್ಯಾಗೂ ಇದನ್ನ ಹೇಳತಾರ,” ಎಂದ ವೇದವ್ಯಾಸ. ಮತ್ತೊಮ್ಮೆ ಬೆರಳನ್ನು ನಾಲಿಗೆಗೆ ತಾಗಿಸಿ, ಮುಂದಿನವರನ್ನು ಕರೆದ.