ನೀರು ಬಸಿಯದ ಮನೆ

ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತು. ಅರ್ಮಿಂದಾ ಭುಜ ಕೊಟ್ಟು ನೂಕಿದಳು. ಒಳಗೆ ಏನೋ ಲಟಕ್ಕನೆ ಮುರಿಯಿತು. ಇಟ್ಟ ಕಾಲು ಜಾರಿತು. ಗೋಡೆ ಹಿಡಿದು ನಿಂತು ನೋಡಿದರೆ ಅಡುಗೆಮನೆಯ ನೆಲವೆಲ್ಲ ಮಂಜುಗಡ್ಡೆ. ಕುರ್ಚಿಗಳ ಕಾಲು ಎರಡು ಬೆರಳಷ್ಟು ಅದರಲ್ಲಿ ಹೂತಿದ್ದವು. ಸಿಂಕಿನ ಮೇಲೆ ಪೈಪು ಉದ್ದಕ್ಕೆ ಸೀಳಿತ್ತು. ಅಲ್ಲಿಂದ ನೀರು ಸದ್ದಿಲ್ಲದೆ ಇಳಿಯುತ್ತ, ಇಳಿಯುತ್ತಲೇ ಹೆಪ್ಪುಗಟ್ಟುತ್ತ, ಕರಗಿದ ಮೇಣದ ಹಾಗೆ ಗೋಡೆಗೆ ಅಂಟಿಕೊಳ್ಳುತ್ತಿತ್ತು.

"ಸುನೀ," ಎಂದು ಕೂಗಿದಳು. ಬಾಯಿಂದ ಹಬೆ ಬಂತು. ಉತ್ತರ ಬರಲಿಲ್ಲ.

ಹಿಂದಿನ ಕೋಣೆಗೆ ಹತ್ತು ಹೆಜ್ಜೆ. ಅಷ್ಟರಲ್ಲಿ ಅವಳು ಮನಸ್ಸಿನಲ್ಲೇ ತಂಗಿಯ ಹೆಣವನ್ನು ನೋಡಿ, ಅದರ ಕಣ್ಣನ್ನೂ ಮುಚ್ಚಿಯಾಗಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಕಂಬಳಿಗಳನ್ನು ಅಂಚಿಗೆ ಅಂಚು ಸೇರಿಸಿ ಮಡಿಚಿತ್ತು. ಹೀಟರ್ ಆರಿಸಿತ್ತು. ಅರ್ಮಿಂದಾ ಮಂಚದ ತುದಿಯಲ್ಲಿ ಕುಳಿತಳು. ಸತ್ತಿಲ್ಲ ಎಂಬ ಸಮಾಧಾನ ಒಂದು ಉಸಿರಿನಷ್ಟೂ ಉಳಿಯಲಿಲ್ಲ. ಸತ್ತಿಲ್ಲವೆಂದರೆ ಹೋಗಿದ್ದಾಳೆ. ಹೋಗುವುದಕ್ಕೆ ಅವಳಿಗೆ ಇದ್ದದ್ದು ಒಂದೇ ಜಾಗ.

ಮೇ ತಿಂಗಳ ಕೊನೆಗೆ ಸುನಿಲ್ದಾ ಊದಿದ ಎಡಗೈಯನ್ನು ಎದೆಗೆ ಕಟ್ಟಿಕೊಂಡು ಅಕ್ಕನ ಬಾಗಿಲಿಗೆ ಬಂದಿದ್ದಳು. ಅವಳ ಫೋನನ್ನು ಗಂಡ ವಾಲ್ತೆರ್ ಅದೇ ದಿನ ಗೋಡೆಗೆ ಎಸೆದು ಒಡೆದಿದ್ದ. ಅರ್ಮಿಂದಾ ತಂಗಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡರೆ ಅವನು ಮೊದಲು ಬಂದು ಬಡಿಯುವುದು ಅದೇ ಬಾಗಿಲನ್ನು. ಅವಳ ಹತ್ತಿರ, ದೇಶದ ದಕ್ಷಿಣ ತುದಿಯ ತೊಲ್ವಿನ್ ಊರಾಚೆ, ಸರೋವರದ ದಂಡೆಯ ಐದು ಬೇಸಿಗೆ ಮನೆಗಳ ಬೀಗದ ಕೈ ಇದ್ದವು. ಮಾಲೀಕರು ಬೇಸಿಗೆ ಮುಗಿದು ಮಾರ್ಚಿನಲ್ಲಿ ಬುಯೆನೊಸ್ ಐರೆಸಿಗೆ ಹೋದರೆ ಬರುವುದು ಮುಂದಿನ ಬೇಸಿಗೆಗೆ, ಡಿಸೆಂಬರಿನಲ್ಲಿ. ಚಳಿ ಬೀಳುವ ಮುಂಚೆ ವಾಲ್ವ್ ಮುಚ್ಚಿ, ಪೈಪಿನಲ್ಲಿ ತೊಟ್ಟೂ ಉಳಿಯದಂತೆ ನೀರು ಬಸಿಯುವುದು ಅವಳ ಕೆಲಸ. ಹನ್ನೊಂದು ವರ್ಷ ತಪ್ಪಿರಲಿಲ್ಲ. ಈ ವರ್ಷ ನಾಲ್ಕು ಮನೆ ಬಸಿದಳು. ರಸ್ತೆಗೆ ಕಾಣದ ಒಡತಿ ಸೆನ್ಯೋರಾ ಬ್ರಾಕೊ ಅವರ ಮನೆಯಲ್ಲಿ ನೀರು ಹಾಗೇ ಬಿಟ್ಟು, ತಂಗಿಯನ್ನು ಬಚ್ಚಿಟ್ಟಳು.

"ಹೀಟರ್ ಆರಿಸ್ಬೇಡ. ನಲ್ಲಿ ಪೂರ್ತಿ ಮುಚ್ಬೇಡ, ದಾರದಷ್ಟು ಹರೀತಾನೇ ಇರ್ಲಿ. ನೀರು ನಿಂತ್ರೆ ಹೆಪ್ಪುಗಟ್ಟಿ ಪೈಪು ಒಡೆಯತ್ತೆ," ಎಂದು ಎರಡೆರಡು ಸಲ ಹೇಳಿದ್ದಳು. ದಿನ ಬಿಟ್ಟು ದಿನ ಬಂದು ನೋಡುತ್ತಿದ್ದಳು. ಈ ವಾರ ಜ್ವರ ಬಂದು ಐದು ದಿನ ಏಳಲಾಗಲಿಲ್ಲ.

ಅವಳು ಕರೆಸಿದ ಮುದಿ ಪ್ಲಂಬರ್, ಊರವರು ಗೌರವದಿಂದ ಡಾನ್ ಎನ್ನುವ ಎವಾರಿಸ್ತೊ, ಹಾರೆ ಹಿಡಿದು ಬಂದು, ಅಂಗಳದ ಹಿಮ ಅಗೆದು ವಾಲ್ವ್ ಮುಚ್ಚಿದ. ಒಳಗೆ ಬಂದವನು ನೆಲ ನೋಡಿ ನಕ್ಕ.

"ಹನ್ನೊಂದು ವರ್ಷ ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ ಅರ್ಮಿಂದಾ. ನೀನು ನೋಡ್ಕೊಳ್ಳೋ ಮನೇಲಿ ನನಗೆ ಒಂದು ದಿನ ಕೆಲಸ ಸಿಕ್ಕಿಲ್ಲ. ಅಂತೂ ಇವತ್ತು ದೇವರು ಕಣ್ಬಿಟ್ಟ."

ಅವಳು ನಗಲಿಲ್ಲ. ಮುದುಕ ಸಿಂಕಿನ ಪಕ್ಕ ತೊಳೆದು ಬೋರಲು ಹಾಕಿದ್ದ ಒಂದೇ ತಟ್ಟೆ, ಒಂದೇ ಲೋಟ ನೋಡಿದ. ನಲ್ಲಿಯನ್ನು ತಿರುಗಿಸಲು ನೋಡಿದ. ಅಲುಗಲಿಲ್ಲ.

"ಚಳಿ ಕಾಣದ ಉತ್ತರದ ಕಡೆಯವರು ಯಾರೋ ಇದ್ರು," ಎಂದ ಮೆಲ್ಲಗೆ. "ಅವರೇ ಹೀಗೆ. ಮನೆ ಬಿಡೋವಾಗ ಮರ್ಯಾದೆಯಾಗಿ ಎಲ್ಲ ಆರಿಸಿ, ಎಲ್ಲ ಬಿಗಿ ಮಾಡಿ ಹೋಗ್ತಾರೆ."

"ನಾನೂ ಉತ್ತರದವಳೇ."

"ನೀನು ಇಪ್ಪತ್ತು ಚಳಿ ಕಂಡಿದ್ದೀಯ." ಹಾರೆಯನ್ನು ಗೋಡೆಗೆ ಒರಗಿಸಿ, "ವಾಲ್ವೇ ಕೆಟ್ಟಿತ್ತು ಅಂತ ನಾನು ಹೇಳ್ಲಾ?" ಎಂದ.

"ಬೇಡಿ. ಸೆನ್ಯೋರಾ ಬೇರೆಯವರನ್ನ ಕರ್ಸಿ ನೋಡಿದ್ರೆ ನಿಮ್ಮ ಅನ್ನಕ್ಕೂ ಕಲ್ಲು."

ಅವನೆದುರೇ ಸೆನ್ಯೋರಾ ಬ್ರಾಕೊಗೆ ಫೋನು ಮಾಡಿದಳು. "ನೀರು ಬಸಿಯೋದು ಮರೆತುಬಿಟ್ಟೆ, ಸೆನ್ಯೋರಾ."

"ಮರೆತ್ಯಾ? ನೀನಾ?" ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕೇಳಿಸಿಕೊಳ್ಳುವುದು ಸುಲಭವಿತ್ತು. "ಬೀಗದ ಕೈ ಡಾನ್ ಎವಾರಿಸ್ತೊ ಕೈಗೆ ಕೊಟ್ಬಿಡಮ್ಮ. ಮಿಕ್ಕವರಿಗೆ ನಾನೇ ಹೇಳ್ತೀನಿ."

ಐದೂ ಬೀಗದ ಕೈಗಳನ್ನು ಅವಳು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. ಊರಿಗೆ ನಡೆಯುವಾಗ ಸೊಂಟ ಹಗುರವಾಗಿ, ಮತ್ತೆ ಮತ್ತೆ ಕೈ ಅಲ್ಲಿಗೇ ಹೋಗುತ್ತಿತ್ತು.

ಮಧ್ಯಾಹ್ನದ ತಗ್ಗು ಬಿಸಿಲಲ್ಲಿ ಸುನಿಲ್ದಾ ಗಂಡನ ಮನೆಯ ಹಿತ್ತಿಲಿನ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದಳು. ಬಾಗಿಲಲ್ಲಿ ವಾಲ್ತೆರ್ ಎಲೆಚಹಾ ತುಂಬಿದ ಸೋರೆಬುರುಡೆ ಹಿಡಿದು, ಕೊಳವೆಯಲ್ಲಿ ಹೀರುತ್ತ ನಿಂತಿದ್ದ.

"ಬಾ ಅತ್ತಿಗೆ, ಬಾ. ಕಳ್ಳಮಾಲು ಬಚ್ಚಿಡೋಕೆ ನಿನಗೆ ಬರಲ್ಲ ನೋಡು. ತಾನಾಗೇ ಕಾಲು ಬಂದು ಮನೆಗೆ ನಡ್ಕೊಂಡು ಬಂತು." ಅವಳು ತಂಗಿಯ ಕಡೆ ತಿರುಗಿದ್ದನ್ನು ಕಂಡು, "ತಮಾಷೆ ಅತ್ತಿಗೆ! ಚಳೀಲಿ ನಿಂತ್ಕೋಬೇಡ, ಬಿಸಿ ನೀರು ಇಡ್ತೀನಿ," ಎಂದು ಒಳಗೆ ಹೋದ.

"ಆ ನೀರಿನ ಸದ್ದು ಅಕ್ಕ," ಎಂದಳು ಸುನಿಲ್ದಾ, ಕ್ಲಿಪ್ಪು ಕೀಳುತ್ತ. "ಹಗಲೂ ರಾತ್ರಿ ಚುರುಚುರು ಅಂತ. ತಲೆ ಕೆಟ್ಟುಹೋಯ್ತು. ನೀನೂ ಬರ್ಲಿಲ್ಲ. ಕೊನೆಗೆ ನಲ್ಲಿ ಮುಚ್ಚಿದೆ. ಮುಚ್ಚಿದ ಮೇಲೆ ಇನ್ನೂ ಭಯ ಆಯ್ತು, ಒಂದು ಸದ್ದೂ ಇಲ್ಲ ಅಂತ. ಈ ಮನೇಲಾದ್ರೆ ಬಯ್ಯೋಕಾದ್ರೂ ಒಬ್ಬರಿರ್ತಾರೆ."

"ನನಗೆ ಜ್ವರ ಬಂದಿತ್ತು ಕಣೇ."

"ನಿನಗೆ ಕೆಟ್ಟ ಹೆಸರು ಬರ್ಬಾರ್ದು ಅಂತ ಎಲ್ಲ ಆರಿಸಿ, ಪಾತ್ರೆ ತೊಳೆದು, ಕಂಬಳಿ ಮಡಿಚಿ ಬಂದೆ. ನೋಡಿದ್ಯಾ?"

"ನೋಡಿದೆ."

"ಸರಿಯಾಗಿತ್ತಾ?"

ಅರ್ಮಿಂದಾ ತಂಗಿಯ ಎಡ ಮಣಿಕಟ್ಟು ನೋಡಿದಳು. ಊತ ಇಳಿದಿತ್ತು. ಅದರ ಮೇಲೆ, ತೋಳಿನ ಹತ್ತಿರ, ಉಣ್ಣೆಯಂಗಿ ಸರಿದಲ್ಲಿ ಹೊಸ ನೀಲಿ ಕಲೆಯಿತ್ತು.

"ಚೊಕ್ಕಟವಾಗಿತ್ತು," ಎಂದಳು.

ಸುನಿಲ್ದಾಳ ಮುಖ ಒಂದಿಷ್ಟು ಅರಳಿತು. ಒಳಗೆ ಕೆಟಲ್ ಇಟ್ಟ ಸದ್ದು ಕೇಳಿ ದನಿ ತಗ್ಗಿಸಿದಳು. "ಆ ಮನೆ ಬೀಗದ ಕೈ ಸೌದೆ ರಾಶಿ ಕೆಳಗೇ ಇಡ್ತೀಯ ತಾನೆ ಅಕ್ಕ? ಸುಮ್ನೆ ಕೇಳ್ದೆ. ಮತ್ತೆ ಬರ್ತೀನಿ ಅಂತಲ್ಲ. ಇದೆ ಅಂತ ಗೊತ್ತಿದ್ರೆ ಸಾಕು."

ಅರ್ಮಿಂದಾಳ ಕೈ ಸೊಂಟಕ್ಕೆ ಹೋಗಿ ಬಂತು.

"ಅಲ್ಲೇ ಇರತ್ತೆ," ಎಂದಳು.

"ಸುನೀ! ನನ್ನ ಅಂಗಿ ಎಲ್ಲೇ?" ಒಳಗಿನಿಂದ ಕೂಗು ಬಂತು.

"ಬಂದೆ, ಬಂದೆ!" ಸುನಿಲ್ದಾ ಹಗ್ಗದ ತುದಿಯಲ್ಲಿದ್ದ ಗಂಡನ ಅಂಗಿಯನ್ನು ಬಿಚ್ಚಿದಳು. ಅದು ಮರಗಟ್ಟಿ ಹಲಗೆಯಾಗಿತ್ತು. ಮಡಿಚಲು ನೋಡಿದಳು, ಆಗಲಿಲ್ಲ. ಜೋರು ಮಾಡಿದರೆ ನೂಲು ಮುರಿಯುತ್ತದೆಂದು ಬಿಟ್ಟಳು. ಕೊನೆಗೆ ಹಾಗೆಯೇ ಅದನ್ನು ಎದೆಗೆ ಒತ್ತಿ ಹಿಡಿದು, ಚಾಚಿದ ಎರಡು ತೋಳುಗಳು ಬಾಗಿಲಿಗೆ ತಾಗದಂತೆ, ಅಡ್ಡಡ್ಡವಾಗಿ ಒಳಗೆ ಹೋದಳು.